ಹೊಸ ಯಂತ್ರ, ಹಳೆಯ ಪ್ರತಿ: ಹೊಸೂರು ಕಡೆಯ ಡಿಟಿಪಿ ಕಡತಗಳನ್ನು ಗ್ರಂಥಸಂಪಾದನೆಯ ಕಣ್ಣಿನಿಂದ ಓದುವುದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಳ್ತೀನಿ. ನನಗೆ ಕೊಟ್ಟಿರೋದು ಇಪ್ಪತ್ತು ನಿಮಿಷ, ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ.

ಹೊಸೂರು, ಬಾಗಲೂರು, ತಳಿ, ದೆಂಕಣಿಕೋಟೆ, ಕೃಷ್ಣಗಿರಿ ಕಡೆಯ ಡಿಟಿಪಿ ಅಂಗಡಿಗಳಲ್ಲಿ ವಿಂಡೋಸ್ ಎಕ್ಸ್‌ಪಿ ಇನ್ನೂ ಓಡ್ತಾ ಇರೋದನ್ನ ನೋಡಬಹುದು. ಕಂಪ್ಯೂಟರ್ ಹೊಸದು, ಮಾನಿಟರ್ ಹೊಸದು, ಒಳಗಿನ ಆಪರೇಟಿಂಗ್ ಸಿಸ್ಟಂ ಮಾತ್ರ 2001ರದ್ದು. ಇದನ್ನ ಕಂಡಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಆಡ್ತೀವಿ. ಒಂದು, 'ಇವರು ಬದಲಾಗೋದಿಲ್ಲ, ಯೂನಿಕೋಡ್ ಬಂದು ಇಷ್ಟು ವರ್ಷ ಆದರೂ ಹಳೇದಕ್ಕೇ ಜೋತುಬಿದ್ದಿದ್ದಾರೆ' ಅನ್ನೋ ದೂರು. ಇನ್ನೊಂದು, 'ಆಹಾ, ಹಳೆಯ ಕಾಲ ಉಳಿದಿದೆ' ಅನ್ನೋ ಮೆಚ್ಚುಗೆ. ಈ ಎರಡೂ ಮಾತಿನ ಬಗ್ಗೆ ನನ್ನ ತಕರಾರಿದೆ. ಎರಡೂ ಯಂತ್ರವನ್ನ ನೋಡ್ತವೆ, ಯಂತ್ರದಲ್ಲಿರೋ ಪಠ್ಯವನ್ನ ಓದೋದಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಾಗಿ ನಾವು ಓದಬೇಕಾಗಿರೋದು ಪಠ್ಯವನ್ನ.

ನನ್ನ ವಾದ ಇಷ್ಟು: ಆ ಅಂಗಡಿಯ ಕಡತ ಒಂದು ಹಸ್ತಪ್ರತಿ. ಹಳೆಯ ಆಪರೇಟಿಂಗ್ ಸಿಸ್ಟಂ ಆ ಪ್ರತಿಯನ್ನು ಓದಬಲ್ಲ ಕೊನೆಯ ಓದುಗ. ಅದನ್ನು ಯೂನಿಕೋಡಿಗೆ ಬದಲಾಯಿಸುವ ಕೆಲಸ ಗ್ರಂಥಸಂಪಾದನೆಯ ಕೆಲಸ. ಅದನ್ನು ಆ ಶಿಸ್ತಿನಲ್ಲಿ ಮಾಡದೆ ಹೋದರೆ ಗಡಿಯ ಕನ್ನಡ ಪಠ್ಯಗಳು ಕಳೆದುಹೋಗ್ತವೆ. ಕಳೆದುಹೋದವು ಅಂತ ಗೊತ್ತಾಗೋದೂ ಕಷ್ಟ.

1. ಹಳೆಯ ಸಿಸ್ಟಂ ಉಳಿದದ್ದು ಯಾಕೆ?

ಮೊದಲು ಕಾರಣ ಸ್ಪಷ್ಟ ಮಾಡ್ಕೊಳ್ಳೋಣ. ಹಳೆಯ ಸಿಸ್ಟಮ್ಮನ್ನು ಹೊಸ ಯಂತ್ರದಲ್ಲಿ ಓಡಿಸೋದು ಸೋಮಾರಿಗಳ ಕೆಲಸವಲ್ಲ, ಬಹಳ ಶ್ರಮದ ಕೆಲಸ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ಈಚಿನ ಮದರ್‌ಬೋರ್ಡುಗಳಲ್ಲಿ ಹಳೆಯ ಬಯಾಸ್ ಇಲ್ಲ, ಅದರ ಜಾಗದಲ್ಲಿ ಯುಇಎಫ್‌ಐ ಇದೆ. ಎಕ್ಸ್‌ಪಿಗೆ ಬಯಾಸ್ ಬೇಕು. ಹೊಸ ಎನ್‌ವಿಎಂಇ ಡಿಸ್ಕನ್ನು ಎಕ್ಸ್‌ಪಿ ಗುರುತಿಸೋದಿಲ್ಲ, ಯುಎಸ್‌ಬಿ 3 ಪೋರ್ಟಿಗೆ ಹಾಕಿದ ಕೀಬೋರ್ಡು, ಮೌಸು ಕೆಲಸ ಮಾಡೋದಿಲ್ಲ. ಎಷ್ಟೇ ರ‍್ಯಾಮ್ ಹಾಕಿದರೂ 32 ಬಿಟ್‌ನ ಎಕ್ಸ್‌ಪಿ 4 ಜಿಬಿಯ ಮಿತಿ ದಾಟೋದಿಲ್ಲ. ಕೆಲವು ವ್ಯಾಪಾರಿ ಲಿಪಿ ತಂತ್ರಾಂಶಗಳ ಜೊತೆ ಒಂದು 'ಲಾಕ್' ಬರ್ತಿತ್ತು, ಅದನ್ನ ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ ಚುಚ್ಚಬೇಕಿತ್ತು. ಆ ಪೋರ್ಟೇ ಈಗಿನ ಯಂತ್ರಗಳಲ್ಲಿ ಇಲ್ಲ.

ಇದರ ಹಿಂದಿನ ತಲೆಮಾರಿನ ವಿಂಡೋಸ್ 95ರ ಕಥೆ ಇನ್ನೂ ವಿಚಿತ್ರ. ಎಎಂಡಿಯ 350 ಮೆಗಾಹರ್ಟ್ಸ್ ಮತ್ತು ಅದಕ್ಕಿಂತ ವೇಗದ ಪ್ರೊಸೆಸರುಗಳಲ್ಲಿ ಅದು ಶುರುವಾಗೋದೇ ನಿಲ್ತಿತ್ತು. ಒಳಗಿದ್ದ ಒಂದು ಸಮಯ ಅಳೆಯುವ ಲೆಕ್ಕ ಎಷ್ಟು ಬೇಗ ಮುಗೀತಿತ್ತು ಅಂದರೆ ಕಳೆದ ಕಾಲ ಸೊನ್ನೆ ಅಂತ ಬರ್ತಿತ್ತು, ಸೊನ್ನೆಯಿಂದ ಭಾಗಿಸೋಕೆ ಹೋಗಿ ಸಿಸ್ಟಂ ಕುಸೀತಿತ್ತು. ಹೊಸ ಯಂತ್ರ ನಿಧಾನ ಅಂತ ಅಲ್ಲ, ಅತಿ ವೇಗ ಅಂತಲೇ ಹಳೆಯದು ನಿಂತುಹೋಯ್ತು.

ಇಷ್ಟೆಲ್ಲ ಅಡ್ಡಿ ಇದ್ದೂ ಜನ ದಾರಿ ಹುಡುಕಿದ್ದಾರೆ. ಈಗ ಹೆಚ್ಚು ಬಳಕೆಯಲ್ಲಿರೋದು ವರ್ಚುವಲ್ ಮಷಿನ್: ಹೊಸ ವಿಂಡೋಸಿನ ಒಳಗೆ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಹಾಕಿ, ಅದರೊಳಗೆ ಎಕ್ಸ್‌ಪಿ ಕೂರಿಸೋದು. ಎಕ್ಸ್‌ಪಿಗೆ ತಾನು 2005ರ ಒಂದು ಕಂಪ್ಯೂಟರಿನಲ್ಲಿ ಇದ್ದೀನಿ ಅನ್ನೋ ಭ್ರಮೆ ಹುಟ್ಟಿಸ್ತಾರೆ. ಈ ಪ್ರಬಂಧಕ್ಕಾಗಿ ನಾನು ಎರಡು ಮಧ್ಯಾಹ್ನ ಕೂತಿದ್ದ ಹೊಸೂರಿನ ಒಂದು ಅಂಗಡಿಯಲ್ಲಿ ಇದೇ ವ್ಯವಸ್ಥೆ ಇತ್ತು. ಅಂಗಡಿಯ ಅಣ್ಣನ್ನ 'ಹಳೇ ಸಿಸ್ಟಂ ಯಾಕಣ್ಣ ಇಟ್ಕೊಂಡಿದ್ದೀರ' ಅಂತ ಕೇಳಿದೆ. 'ಸಿಸ್ಟಂ ಯಾರಿಗೆ ಬೇಕಪ್ಪ, ಫೈಲು ಬೇಕು' ಅಂದರು.

ಆ ಉತ್ತರದಲ್ಲಿ ಒಂದು ವಿಶ್ಲೇಷಣೆ ಇದೆ. ಸರಪಳಿಯನ್ನ ಹಿಂದಕ್ಕೆ ಎಣಿಸಿ ನೋಡಿ. ಫೈಲು ಬೇಕಾದರೆ ಪೇಜ್‌ಮೇಕರ್ ಬೇಕು, ಯಾಕೆಂದರೆ ಪುಟವಿನ್ಯಾಸ ಆಗಿರೋದು ಅದರಲ್ಲಿ. ಅಡೋಬಿ ಸಂಸ್ಥೆ ಪೇಜ್‌ಮೇಕರನ್ನು 7ನೇ ಆವೃತ್ತಿಗೆ ನಿಲ್ಲಿಸಿತು. ಅದರ ಉತ್ತರಾಧಿಕಾರಿ ಇನ್‌ಡಿಸೈನ್ ಕೂಡ ಸಿಎಸ್ 6 ಆದಮೇಲೆ ಪೇಜ್‌ಮೇಕರ್ ಕಡತಗಳನ್ನು ತೆರೆಯೋದು ಬಿಟ್ಟಿತು. ಪೇಜ್‌ಮೇಕರ್ ನೆಮ್ಮದಿಯಾಗಿ ಓಡಬೇಕಾದರೆ ಎಕ್ಸ್‌ಪಿ ಬೇಕು. ಎಕ್ಸ್‌ಪಿ ಬೇಕಾದರೆ ಈ ಎಲ್ಲ ಕಸರತ್ತು ಬೇಕು.

ಇಲ್ಲಿ ಒಂದು ವ್ಯಂಗ್ಯ ಇದೆ. ವಿಂಡೋಸಿನಲ್ಲಿ ಯೂನಿಕೋಡ್ ಕನ್ನಡ ಮೊದಲು ಬಂದದ್ದು ಇದೇ ಎಕ್ಸ್‌ಪಿಯಲ್ಲಿ. 'ತುಂಗಾ' ಅನ್ನೋ ಕನ್ನಡ ಫಾಂಟ್ ಅದರ ಜೊತೆಗೇ ಬಂತು. ಸೆಟ್ಟಿಂಗ್ಸಿಗೆ ಹೋಗಿ, ಸಿಡಿ ಹಾಕಿ, ಸಂಕೀರ್ಣ ಲಿಪಿಗಳ ಬೆಂಬಲವನ್ನು ಒಮ್ಮೆ ಸೇರಿಸ್ಕೊಬೇಕಿತ್ತು, ಅಷ್ಟೆ. ಅಂದರೆ ನಾವು 'ಹಳೇದು' ಅಂತ ಬೈಯುವ ಸಿಸ್ಟಂ ಯೂನಿಕೋಡಿಗೆ ಬಾಗಿಲು ತೆರೆದಿತ್ತು. ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿರಲಿಲ್ಲ. ಹಾಗಾಗಿ ಪುಸ್ತಕ, ಕರಪತ್ರ, ಆಮಂತ್ರಣ ಎಲ್ಲ ಬೇರೆ ದಾರಿಯಲ್ಲೇ ಸಾಗಿದವು. 'ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಸಮಸ್ಯೆ' ಅನ್ನೋ ಹೆಸರೇ ಹಾಗಾಗಿ ದಾರಿ ತಪ್ಪಿಸುತ್ತೆ. ಸಮಸ್ಯೆ ಇರೋದು ಕಡತದೊಳಗೆ ಕನ್ನಡವನ್ನು ಬರೆದಿಟ್ಟಿರುವ ರೀತಿಯಲ್ಲಿ.

2. ಕಡತದೊಳಗೆ ಕನ್ನಡ ಎಲ್ಲಿದೆ?

ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಈ ಶತಮಾನದ ಮೊದಲ ವರ್ಷಗಳಲ್ಲಿ ಬಂತು, ಅದರ ಕೀಲಿಮಣೆ ವಿನ್ಯಾಸಕ್ಕೆ ಕೆ.ಪಿ. ರಾವ್ ಅವರ ವಿನ್ಯಾಸವೇ ಆಧಾರ. ಇವೆರಡೂ ಇಲ್ಲದಿದ್ದರೆ ಕನ್ನಡ ಗಣಕಕ್ಕೆ ಬರೋದು ಎಷ್ಟು ತಡವಾಗ್ತಿತ್ತೋ. ಅವುಗಳ ಋಣ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ಕನ್ನಡವನ್ನ ಇಟ್ಟ ರೀತಿಯನ್ನ ಒಮ್ಮೆ ಬಿಡಿಸಿ ನೋಡಬೇಕು. ಡಿಟಿಪಿಯವರು ಇದಕ್ಕೆ 'ಆಸ್ಕಿ ಕನ್ನಡ' ಅಂತಾರೆ, ನಾನೂ ಅದೇ ಪದ ಬಳಸ್ತೀನಿ.

ನಾವು ನುಡಿಯಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ಕಡತದಲ್ಲಿ ಕನ್ನಡ ಅಕ್ಷರ ಒಂದೂ ಇರೋದಿಲ್ಲ. ಇರೋದು ಏಳು ಗುರುತು: ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ತಲೆ ಮೇಲೆ ಗೆರೆ ಇರೋ 'ಎ', ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಆ ಗೆರೆಯ 'ಎ', ಜರ್ಮನ್ನಿನ ಜೋಡಿ 'ಎಸ್', ಸಣ್ಣ 'ಕ್ಯೂ', ಮತ್ತೆ ಗೆರೆಯ 'ಎ'. ಪೌಂಡು ಅಂದರೆ ನ, ಜಪಾನಿನ ಯೆನ್ ಗುರುತು ಅಂದರೆ ಪ. ಗೆರೆಯ 'ಎ' ನಮ್ಮ ತಲೆಕಟ್ಟು. ಫಾಂಟು ಈ ಗುರುತುಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನ ಚಿತ್ರವಾಗಿ ತೋರಿಸುತ್ತೆ. ಫಾಂಟ್ ತೆಗೆದರೆ ಕನ್ನಡ ಇಲ್ಲ.

ಗಮನಿಸಬೇಕಾದ್ದು ಏನಂದರೆ, ಇಲ್ಲಿ ಅಕ್ಷರವನ್ನು ಉಚ್ಚಾರಣೆಯಿಂದ ಒಡೆದಿಲ್ಲ, ಆಕಾರದಿಂದ ಒಡೆದಿದ್ದಾರೆ. 'ಮ'ಕ್ಕೆ ಸ್ವಂತ ಸ್ಥಾನ ಇಲ್ಲ. ವ ಬರೆದು ಅದಕ್ಕೆ ಉಕಾರದ ಬಾಲ ಅಂಟಿಸಿದರೆ ಮ ಆಗುತ್ತೆ, ಹಾಗಾಗಿ 'ವು' ಬರೆಯೋಕೆ ಬೇರೆಯೇ ಒಂದು ಬಾಲ ಇಟ್ಟಿದ್ದಾರೆ. 'ಧ' ಅಂದರೆ ದ ಮತ್ತು ಕೆಳಗಿನ ಸೀಳು, 'ಫ' ಅಂದರೆ ಪ ಮತ್ತು ಅದೇ ಸೀಳು. 'ಯ' ಶುರುವಾಗೋದು ಅನುಸ್ವಾರದ ಸೊನ್ನೆಗೆ ಇರುವ ಅದೇ ಗುರುತಿನಿಂದ. ಮೊಳೆ ಜೋಡಿಸುವವರು ಅಕ್ಷರವನ್ನು ನೋಡುವ ರೀತಿ ಇದು. ಇದರ ಪರಿಣಾಮ ತಮಾಷೆಯಾಗಿದೆ: ಇಂಥ ಕಡತದ ಪದಗಳನ್ನು ಯಂತ್ರ ಸಾಮಾನ್ಯ ಕ್ರಮದಲ್ಲಿ ವಿಂಗಡಿಸಿದರೆ ಯಕಾರದ ಪದಗಳು ಅಕಾರಕ್ಕಿಂತ ಮುಂಚೆ ಬರ್ತವೆ. 'ವ' ಹುಡುಕಿದರೆ 'ಮ'ಗಳೂ ಸಿಕ್ಕುತ್ತವೆ.

ಟೈಪ್ ಮಾಡುವವರಿಗೆ ಇದು ಯಾವತ್ತೂ ಕಾಣಿಸಿಲ್ಲ. ಅವರು ಒತ್ತಿದ್ದು ಉಚ್ಚಾರಣೆಯ ಕ್ರಮದಲ್ಲಿ, ತಂತ್ರಾಂಶ ಅದನ್ನು ಆಕಾರದ ಕ್ರಮಕ್ಕೆ ತಿರುಗಿಸಿ ಬರೀತಿತ್ತು. 'ಧರ್ಮ' ಪದದಲ್ಲಿ ಬೆರಳು ರಕಾರವನ್ನು ಮಕಾರಕ್ಕಿಂತ ಮುಂಚೆ ಒತ್ತುತ್ತೆ, ಕಡತದಲ್ಲಿ ಅರ್ಕಾವೊತ್ತು ಮಕಾರದ ಆಮೇಲೆ ಕೂತಿರುತ್ತೆ. ಹಾಗಾಗಿ ಡಿಟಿಪಿಯವರನ್ನ 'ಯಾಕೆ ಹೀಗೆ ಮಾಡಿದ್ರಿ' ಅಂತ ಕೇಳೋದು ಅನ್ಯಾಯ. ಅವರು ಕನ್ನಡವನ್ನೇ ಬರೆದರು.

ಯೂನಿಕೋಡಿನಲ್ಲಿ ಇದೇ 'ಕನ್ನಡ' ಐದು ಸಂಕೇತ: ಕ, ನ, ವಿರಾಮ, ನ, ಡ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಸ್ವಂತ ಜಾಗ ಇದೆ. ಫಾಂಟ್ ಬದಲಾದರೂ ಕನ್ನಡ ಕನ್ನಡವಾಗಿಯೇ ಇರುತ್ತೆ. ಯೂನಿಕೋಡೇ ಸರಿಯಾದ ದಾರಿ, ಇದರ ಬಗ್ಗೆ ನನಗೆ ಅನುಮಾನ ಇಲ್ಲ. ನನ್ನ ಪ್ರಶ್ನೆ, ಅಲ್ಲಿಗೆ ಹೋಗೋದು ಹೇಗೆ ಅನ್ನೋದು.

3. ಗಡಿಯ ಕಡತ

ಬೆಂಗಳೂರಿನಲ್ಲಿ ಕೂತು ಯೋಚಿಸಿದರೆ ಇದು ಸುಲಭ ಅನ್ನಿಸುತ್ತೆ. ಪರಿವರ್ತಕಗಳು ಇವೆ. ಆಸ್ಕಿ ಪಠ್ಯ ಅಂಟಿಸಿ ಗುಂಡಿ ಒತ್ತಿದರೆ ಯೂನಿಕೋಡ್ ಬರುತ್ತೆ. ಒಂದು ಕಡತ, ಒಂದು ಭಾಷೆ ಅಂತ ಇದ್ದಾಗ ಇದು ಬಹುಮಟ್ಟಿಗೆ ಸರಿ.

ಹೊಸೂರಿನ ಕಡತ ಹಾಗಿರೋದಿಲ್ಲ. 1956ರ ಭಾಷಾವಾರು ವಿಂಗಡಣೆಯಲ್ಲಿ ಈ ಸೀಮೆ ಆಗಿನ ಮದ್ರಾಸ್ ರಾಜ್ಯದಲ್ಲೇ ಉಳೀತು. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. ಜಿಲ್ಲೆಯ ಹೆಸರು ಬದಲಾದರೂ ಊರಿನ ಮುಖ್ಯ ಭಾಷೆಗಳು ಇವೇ: ತಮಿಳು, ತೆಲುಗು, ಕನ್ನಡ. ಒಂದು ಜಾತ್ರೆಯ ಕರಪತ್ರದಲ್ಲಿ ಮೇಲೆ ಕನ್ನಡ, ಕೆಳಗೆ ತಮಿಳು ಇರುತ್ತೆ. ಮದುವೆ ಪತ್ರಿಕೆಯಲ್ಲಿ ಗಂಡಿನ ಕಡೆಯ ಪುಟ ಒಂದು ಭಾಷೆ, ಹೆಣ್ಣಿನ ಕಡೆಯದು ಇನ್ನೊಂದು. ಸ್ಥಳಪುರಾಣದ ಪುಸ್ತಿಕೆಯಲ್ಲಿ ಕಥೆ ಕನ್ನಡದಲ್ಲಿದ್ದು ದಾನಿಗಳ ಪಟ್ಟಿ ತಮಿಳಲ್ಲಿ ಇರುತ್ತೆ.

ಈಗ ಹಿಂದೆ ಹೇಳಿದ್ದನ್ನ ನೆನಪು ಮಾಡ್ಕೊಳ್ಳಿ. ಆಸ್ಕಿ ಕಡತದಲ್ಲಿ ಒಟ್ಟು 256 ಸ್ಥಾನಗಳು. ಕನ್ನಡ ಫಾಂಟು ಬಳಸೋದು ಅವನ್ನೇ, ತಮಿಳು ಫಾಂಟು ಬಳಸೋದೂ ಅವನ್ನೇ. ತಮಿಳಿನಲ್ಲಿ ಬಹಳ ಬಳಕೆಯಲ್ಲಿದ್ದ 'ಬಾಮಿನಿ' ಫಾಂಟಿನಲ್ಲಿ ಇಂಗ್ಲಿಷಿನ ಸಣ್ಣ 'ಜೆ' ಅಂದರೆ ತ. ನುಡಿ ಫಾಂಟಿನಲ್ಲಿ ಅದೇ ಸಣ್ಣ 'ಜೆ' ಅಂದರೆ ರಿ. ಬಾಮಿನಿಯಲ್ಲಿ 'ತಮಿಳ್' ಅಂತ ಬರೆದದ್ದನ್ನು ನುಡಿ ಫಾಂಟಿಗೆ ಬದಲಾಯಿಸಿದರೆ ಆ ಭಾಷೆಯ ಹೆಸರೇ 'ರಿ' ಅಂತ ಶುರುವಾಗುತ್ತೆ. ಅಂದರೆ ಇದು ಯಾವ ಭಾಷೆ ಅನ್ನೋದು ಪಠ್ಯಕ್ಕೆ ಗೊತ್ತಿಲ್ಲ. ಗೊತ್ತಿರೋದು ಪೇಜ್‌ಮೇಕರ್ ಕಡತದಲ್ಲಿ ಆ ಸಾಲಿಗೆ ಅಂಟಿಸಿರುವ ಫಾಂಟಿನ ಹೆಸರಿಗೆ ಮಾತ್ರ. ಆ ಪಠ್ಯವನ್ನು ಕಾಪಿ ಮಾಡಿ ಪರಿವರ್ತಕದ ಪೆಟ್ಟಿಗೆಗೆ ಅಂಟಿಸಿದ ಕ್ಷಣ ಫಾಂಟಿನ ಹೆಸರು ಬಿದ್ದುಹೋಗುತ್ತೆ. ಕನ್ನಡ ಪರಿವರ್ತಕ ತಮಿಳಿನ ಸಾಲುಗಳನ್ನೂ ಕನ್ನಡ ಅಂತಲೇ ತಿಳಿದು, ಅರ್ಥವಿಲ್ಲದ ಕನ್ನಡ ಅಕ್ಷರಗಳನ್ನ ಸುರೀತಾ ಹೋಗುತ್ತೆ. ಅಲ್ಲಿ ತಮಿಳು ಇತ್ತು ಅನ್ನೋದಕ್ಕೆ ಯಾವ ಗುರುತೂ ಉಳಿಯೋದಿಲ್ಲ.

ಎರಡೂ ರಾಜ್ಯಗಳು ತಮ್ಮ ತಮ್ಮ ಭಾಷೆಗೆ ಶಿಸ್ತು ತಂದವು. ತಮಿಳುನಾಡು 1999ರ 'ತಮಿಳ್‌ನೆಟ್ 99' ಸಮ್ಮೇಳನದ ನಂತರ ಟ್ಯಾಮ್ ಮತ್ತು ಟ್ಯಾಬ್ ಅನ್ನೋ ಸಂಕೇತ ಪದ್ಧತಿಗಳನ್ನ ಒಪ್ಪಿತು, 2010ರಲ್ಲಿ ಯೂನಿಕೋಡನ್ನೂ ಟೇಸ್ 16 ಅನ್ನೋ ಪದ್ಧತಿಯನ್ನೂ ಮಾನಕ ಮಾಡಿತು. ಕರ್ನಾಟಕ ನುಡಿಯ ಸಂಕೇತಗಳ ಮೂಲಕ ಕನ್ನಡ ಫಾಂಟುಗಳಿಗೆ ಒಂದು ಏಕರೂಪ ತಂತು. ಆದರೆ ಒಂದೇ ಪುಟದಲ್ಲಿ ಎರಡೂ ಇರುವ ಊರು ಎರಡರ ಲೆಕ್ಕಕ್ಕೂ ಬರಲಿಲ್ಲ. ಪ್ರತಿ ರಾಜ್ಯ 'ನನ್ನ ಭಾಷೆ' ಅಂತ ಯೋಚಿಸಿದಾಗ ಗಡಿಯ ಪುಟ ಬಿಟ್ಟುಹೋಗುತ್ತೆ. ಆ ಪುಟದ ಎರಡು ಭಾಷೆಗಳನ್ನೂ ಒಟ್ಟಿಗೆ, ಬೆರಕೆಯಾಗದ ಹಾಗೆ ತೋರಿಸಬಲ್ಲ ಜಾಗ ಇವತ್ತಿಗೂ ಆ ಎಲ್ಲ ಫಾಂಟುಗಳಿರುವ ಹಳೆಯ ಎಕ್ಸ್‌ಪಿ ಯಂತ್ರ ಮಾತ್ರ. ನಾನು ಅದನ್ನ 'ಕೊನೆಯ ಓದುಗ' ಅಂತ ಕರೆದದ್ದು ಈ ಕಾರಣಕ್ಕೆ.

ಇದರಲ್ಲಿ ಅಂಥ ಮುಖ್ಯವಾದ್ದು ಏನಿದೆ, ಕರಪತ್ರ ತಾನೆ ಅಂತ ಕೇಳಬಹುದು. ಕರ್ನಾಟಕದ ಒಳಗೆ ಬರೆದವರಿಗೆ ಪ್ರಕಾಶಕರು, ಗ್ರಂಥಾಲಯ, ವಿಶ್ವವಿದ್ಯಾಲಯ ಇವೆ. ಗಡಿಯಲ್ಲಿ ಹಾಡಿನ ಸಂಗ್ರಹ, ಬಯಲಾಟದ ಪ್ರಸಂಗ, ಶಾಲೆಯ ಸ್ಮರಣ ಸಂಚಿಕೆ, ಊರಿನ ದೇವರ ಕಥೆ ಇವೆಲ್ಲ ಇನ್ನೂರು ಮುನ್ನೂರು ಪ್ರತಿ ಅಚ್ಚಾಗಿ ಹಂಚಿಹೋಗ್ತವೆ. ಕಾಗದದ ಪ್ರತಿ ಯಾರ ಮನೆಯ ಅಟ್ಟದಲ್ಲಿದೆಯೋ ಗೊತ್ತಿಲ್ಲ. ಡಿಟಿಪಿ ಅಂಗಡಿಯ ಹಾರ್ಡ್‌ಡಿಸ್ಕೇ ಈ ಸೀಮೆಯ ಕನ್ನಡದ ಭಂಡಾರ. ಅದಕ್ಕೆ ಸೂಚಿ ಇಲ್ಲ, ಕಾವಲು ಇಲ್ಲ.

4. ಪರಿವರ್ತನೆ ಅಂದರೆ ಸಂಪಾದನೆ

ಇಲ್ಲಿಂದ ನಮ್ಮ ವಿಷಯ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೀವಿ. ಪ್ರತಿಗಳ ಸಂಗ್ರಹ, ಅವುಗಳ ಸಂಬಂಧ, ಲಿಪಿಕಾರರ ದೋಷ, ಪಾಠಾಂತರ, ಪಾಠ ನಿರ್ಣಯ ಇವೆಲ್ಲ ಓಲೆಗರಿಗೆ ಸಂಬಂಧಪಟ್ಟದ್ದು, ಮುಗಿದ ಅಧ್ಯಾಯ ಅಂತ ನಮ್ಮ ಭಾವನೆ. ನನ್ನ ಪ್ರಕಾರ ಅದು ಈಗ ಹೊಸದಾಗಿ ಬೇಕಾಗಿರೋ ವಿದ್ಯೆ.

ಪರಿವರ್ತಕ ತಂತ್ರಾಂಶ ಒಬ್ಬ ಲಿಪಿಕಾರ. ಬಹಳ ವೇಗದ, ದಣಿವಿಲ್ಲದ, ಕನ್ನಡ ಬಾರದ ಲಿಪಿಕಾರ. ಓಲೆಗರಿ ಓದಿದವರಿಗೆ ದ-ಧ, ಪ-ಷ ಗೊಂದಲಗಳು ಗೊತ್ತು. ಇವನ ತಪ್ಪುಗಳು ಬೇರೆ ಜಾತಿಯವು. ಅರ್ಕಾವೊತ್ತನ್ನು ಹಿಂದಕ್ಕೆ ಎಳೆಯುವಾಗ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಎಳೀಬಹುದು. ಯಕಾರದ ಮೊದಲ ಗುರುತನ್ನು ಅನುಸ್ವಾರ ಅಂತ ಓದಿಬಿಡಬಹುದು. ವ ಮತ್ತು ಬಾಲದ ನಡುವೆ ಟೈಪಿನವರು ಜಾಗ ಹೊಂದಿಸೋಕೆ ಏನಾದರೂ ಸೇರಿಸಿದ್ದರೆ ಮ ಒಡೆದು ಹೋಗಬಹುದು. ಕೆಲವರು ರಕಾರದ ಒತ್ತನ್ನು ಅರ್ಕಾವೊತ್ತಾಗಿ ಬರೆಯದೆ 'ರ‍್ಮ' ಅಂತ ರಕಾರವನ್ನೇ ಮೇಲಿಟ್ಟು ಬರೀತಾರೆ. ಯೂನಿಕೋಡಿನಲ್ಲಿ ಈ ರೂಪ ಉಳಿಯಬೇಕಾದರೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ನಡುವೆ ಇರಬೇಕು. ಪರಿವರ್ತಕ ಅದನ್ನ ಹಾಕದಿದ್ದರೆ ಬರಹಗಾರರ ಆಯ್ಕೆ ಸದ್ದಿಲ್ಲದೆ ಬದಲಾಗುತ್ತೆ.

ಇವು ಕಣ್ಣಿಗೆ ಬೀಳುವ ತಪ್ಪುಗಳು. ಹೆಚ್ಚು ಅಪಾಯ ಆಮೇಲಿನ 'ತಿದ್ದುಪಡಿ'ಯಲ್ಲಿ ಇದೆ. ಪರಿವರ್ತಿತ ಪಠ್ಯವನ್ನು ಕಾಗುಣಿತ ಪರೀಕ್ಷಕಕ್ಕೆ ಕೊಡ್ತೀವಿ. ನಮ್ಮ ಕಡೆಯ ಹಾಡಿನಲ್ಲಿ 'ಓಗಾನ' ಅಂತ ಇದ್ದರೆ ಅದು ಪರಿವರ್ತನೆಯಲ್ಲಿ ಹಕಾರ ಬಿದ್ದುಹೋದದ್ದೋ, ಹಾಡಿದವರು ಹಾಗೇ ಹಾಡಿದ್ದೋ? ಪರೀಕ್ಷಕಕ್ಕೆ ಎರಡೂ ಒಂದೇ, ಎರಡನ್ನೂ 'ಹೋಗೋಣ' ಮಾಡುತ್ತೆ. ತಮಿಳಿನಿಂದ ಬಂದ ಪದ ಕಂಡರೆ ಅದಕ್ಕೂ ಕೆಂಪು ಗೆರೆ. ತಪ್ಪು ಎಲ್ಲಿ ಮುಗೀತು, ಊರಿನ ಕನ್ನಡ ಎಲ್ಲಿ ಶುರುವಾಯ್ತು ಅಂತ ಹೇಳೋಕೆ ಆ ಕನ್ನಡ ಗೊತ್ತಿರೋ ಮನುಷ್ಯರೇ ಬೇಕು.

ಅಂಥ ಓದುಗರ ವಿಷಯಕ್ಕೆ ಬಂದರೆ, ಯಂತ್ರಕ್ಕಿಂತ ನನಗೆ ಹೆಚ್ಚು ಚಿಂತೆ ಇದೇ. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲೇರಿತು. 2015-16ರ ಹೊತ್ತಿಗೆ ಹತ್ತನೇ ತರಗತಿಗೆ ಬಂತು. ಭಾಷಾ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ವಿನಾಯಿತಿಗಾಗಿ ಮದ್ರಾಸ್ ಹೈಕೋರ್ಟಿಗೆ ಹೋದರು. ಆ ಕಾಯ್ದೆಯ ಸರಿ ತಪ್ಪು ಇವತ್ತಿನ ವಿಷಯ ಅಲ್ಲ, ತಮಿಳುನಾಡಿನಲ್ಲಿರೋರು ತಮಿಳು ಕಲೀಬೇಕು ಅನ್ನೋದರಲ್ಲಿ ನನಗೆ ಆಕ್ಷೇಪವೂ ಇಲ್ಲ. ಆದರೆ ಇಲ್ಲಿನ ಕನ್ನಡ ಮಕ್ಕಳ ಓದಿನಲ್ಲಿ ಕನ್ನಡಕ್ಕಿದ್ದ ಸ್ಥಾನ ಅದರಿಂದ ಬದಲಾಯ್ತು. ಎಕ್ಸ್‌ಪಿಯನ್ನು ಇನ್ನೂ ಇಪ್ಪತ್ತು ವರ್ಷ ವರ್ಚುವಲ್ ಮಷಿನಿನಲ್ಲಿ ಓಡಿಸಬಹುದು. ಪರದೆಯ ಮೇಲಿನ 'ಓಗಾನ'ವನ್ನ ನೋಡಿ 'ಇದು ಸರಿ, ಮುಟ್ಟಬೇಡ' ಅನ್ನೋರನ್ನ ಹಾಗೆ ಇಟ್ಕೊಳ್ಳೋಕೆ ಆಗೋದಿಲ್ಲ.

ಹೊಸದು ದೋಷರಹಿತ ಅನ್ನೋ ನಂಬಿಕೆಗೂ ಒಂದು ಮಾತು. ಹಳಗನ್ನಡದ ೞಕಾರ ನಮಗೆಲ್ಲ ಗೊತ್ತು. ಯೂನಿಕೋಡಿನಲ್ಲಿ ಅದಕ್ಕೆ ಸ್ಥಾನ ಇದೆ, ಆದರೆ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು 'ಕನ್ನಡ ಅಕ್ಷರ ಫ' ಅನ್ನೋ ಅರ್ಥದಲ್ಲಿದೆ. ಯಾರೋ ತಪ್ಪು ಹೆಸರು ಕೊಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದು ಅನ್ನೋದು ಯೂನಿಕೋಡಿನ ನಿಯಮ, ಹಾಗಾಗಿ ಪಕ್ಕದಲ್ಲಿ ಸರಿಯಾದ ಹೆಸರನ್ನ ಸೇರಿಸಿ ತಪ್ಪನ್ನ ಹಾಗೇ ಉಳಿಸಿದ್ದಾರೆ. ಮೂಲವನ್ನು ಮುಟ್ಟದೆ ಅಡಿಟಿಪ್ಪಣಿಯಲ್ಲಿ ತಿದ್ದೋದು. ಒಳ್ಳೆಯ ಸಂಪಾದಕರು ಮಾಡೋದೂ ಇದನ್ನೇ.

5. ಹಾಗಾದರೆ ಏನು ಮಾಡಬಹುದು?

ಮೊದಲನೆಯದು, ಮೂಲಪ್ರತಿಯನ್ನು ಕಾಪಾಡೋದು. ಕಡತಗಳನ್ನ ಮಾತ್ರ ನಕಲು ಮಾಡಿದರೆ ಸಾಲದು, ಫಾಂಟು, ಪೇಜ್‌ಮೇಕರ್, ಎಕ್ಸ್‌ಪಿ ಎಲ್ಲ ಸೇರಿದ ಇಡೀ ಡಿಸ್ಕಿನ ಪ್ರತಿಬಿಂಬವನ್ನ ತೆಗೆದು ವರ್ಚುವಲ್ ಮಷಿನಿಗೆ ಕೂರಿಸಬೇಕು. ಅದನ್ನ ಇಂಟರ್‌ನೆಟ್ಟಿಗೆ ಜೋಡಿಸಬಾರದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ದಾಳಿ ಆದಾಗ, ಬೆಂಬಲ ನಿಂತು ಮೂರು ವರ್ಷ ಆಗಿದ್ದರೂ ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ತುರ್ತು ತೇಪೆ ಕೊಡಬೇಕಾಯ್ತು. ಈ ಸಿಸ್ಟಂ ಓದೋಕೆ ಇರಲಿ, ಊರು ಸುತ್ತೋಕೆ ಬೇಡ.

ಎರಡನೆಯದು, ಪ್ರತಿ ಕಡತದ ಪಿಡಿಎಫ್ ಮಾಡಬೇಕು, ಫಾಂಟುಗಳನ್ನ ಅದರೊಳಗೇ ಸೇರಿಸಿ. ಇದು ಪ್ರತಿಯ ಛಾಯಾಚಿತ್ರ ಇದ್ದ ಹಾಗೆ. ಕಣ್ಣಿಗೆ ಸರಿಯಾಗಿ ಕಾಣುತ್ತೆ, ಕಾಪಿ ಮಾಡಿದರೆ ಮಾತ್ರ ಮತ್ತೆ ಪೌಂಡು, ಯೆನ್ ಗುರುತುಗಳೇ ಬರ್ತವೆ. ಪಾಠ ನಿರ್ಣಯಕ್ಕೆ ಇದು ಸಾಕ್ಷಿ.

ಮೂರನೆಯದು, ಫಾಂಟಿನ ಹೆಸರು ಬಿದ್ದುಹೋಗದ ಹಾಗೆ ಪಠ್ಯವನ್ನು ಹೊರತೆಗೆಯೋದು. 2015ರಲ್ಲಿ ಬಂದ ಲಿಬ್ರೆ ಆಫೀಸ್ 4.4ರಿಂದ ಪೇಜ್‌ಮೇಕರ್ ಕಡತಗಳನ್ನ ತೆರೆಯೋ ಸೌಲಭ್ಯ ಬಂದಿದೆ, ಅದು ಮುಕ್ತ ತಂತ್ರಾಂಶ. ಸಾಲು ಸಾಲಿಗೂ ಫಾಂಟ್ ನೋಡಿ, ಕನ್ನಡದ್ದನ್ನ ಕನ್ನಡ ಪರಿವರ್ತಕಕ್ಕೆ, ತಮಿಳಿನದನ್ನ ತಮಿಳು ಪರಿವರ್ತಕಕ್ಕೆ ಕೊಡಬೇಕು.

ನಾಲ್ಕನೆಯದು ನಮ್ಮ ಕೆಲಸ. ಪಿಡಿಎಫನ್ನೂ ಯೂನಿಕೋಡ್ ಪಠ್ಯವನ್ನೂ ಪಕ್ಕಪಕ್ಕ ಇಟ್ಟು ಓದೋದು, ವ್ಯತ್ಯಾಸಗಳನ್ನ ಗುರುತು ಮಾಡೋದು, ಅನುಮಾನ ಇದ್ದಲ್ಲಿ ಆ ಊರಿನವರನ್ನ ಕೇಳೋದು, ಯಾರು ಯಾವಾಗ ಏನು ತಿದ್ದಿದರು ಅಂತ ಬರೆದಿಡೋದು. ಒಂದು ಎಂ.ಎ. ತರಗತಿ ಒಂದು ಸೆಮಿಸ್ಟರಿನಲ್ಲಿ ಒಂದು ಸಣ್ಣ ಪುಸ್ತಿಕೆಗೆ ಇದನ್ನ ಮಾಡಬಹುದು. ಕಿರುಪ್ರಬಂಧಕ್ಕೆ ವಿಷಯ ಸಿಕ್ತಿಲ್ಲ ಅಂತ ನಾವು ಅಲೀತಿರ್ತೀವಲ್ಲ, ಅದಕ್ಕಿಂತ ಇದು ಉಪಯೋಗದ ಕೆಲಸ.

ಇಷ್ಟು ನನ್ನ ಮಾತು.

ಚರ್ಚೆ

ಪ್ರಶ್ನೆ (ಅಧ್ಯಾಪಕರು): ಹಸ್ತಪ್ರತಿ ಅನ್ನೋ ಹೋಲಿಕೆ ಸ್ವಲ್ಪ ಹೆಚ್ಚಾಯ್ತು ಅನ್ನಿಸ್ತಿದೆಯಮ್ಮ. ಓಲೆಗರಿಯನ್ನ ಓದೋಕೆ ಯಂತ್ರ ಬೇಡ, ಲಿಪಿ ಬಲ್ಲ ಕಣ್ಣು ಸಾಕು. ಇಲ್ಲಿ ಹಾಗಿಲ್ಲವಲ್ಲ?

ಉತ್ತರ: ಹೌದು ಸರ್, ಹೋಲಿಕೆ ಅಲ್ಲಿಗೆ ನಿಲ್ಲುತ್ತೆ, ಒಪ್ತೀನಿ. ಓಲೆಗರಿ ಹುಳು ಹಿಡಿದರೂ ಉಳಿದ ಅರ್ಧವನ್ನ ಓದಬಹುದು. ಈ ಕಡತ ಪೂರ್ತಿ ಸುರಕ್ಷಿತವಾಗಿದ್ದೂ, ಒಂದು ಫಾಂಟ್ ಇಲ್ಲ ಅಂದರೆ ಒಂದು ಅಕ್ಷರವನ್ನೂ ಓದೋಕಾಗಲ್ಲ. ಆದರೆ ಇದರಿಂದ ನನ್ನ ವಾದ ಇನ್ನೂ ಬಲವಾಗುತ್ತೆ ಅನ್ನಿಸುತ್ತೆ ಸರ್. ಓಲೆಗರಿಗೆ ನಾವು ನೂರು ವರ್ಷ ತಡವಾಗಿ ಹೋದರೂ ನಡೀತು. ಇದಕ್ಕೆ ಅಷ್ಟು ಸಮಯ ಇಲ್ಲ.

ಪ್ರಶ್ನೆ (ಸಹಪಾಠಿ): ಅಂಗಡಿಯವರು ಯಾಕೆ ಒಪ್ತಾರೆ? ಅದು ಅವರ ಬಂಡವಾಳ. ಹಳೇ ಫೈಲು ಇದ್ದರೇ ಗಿರಾಕಿ ಮತ್ತೆ ಅವರ ಹತ್ತಿರ ಬರೋದು.

ಉತ್ತರ: ನಿಜ. ಮುಂದಿನ ವರ್ಷದ ಜಾತ್ರೆಗೆ ಹಳೇ ಕರಪತ್ರದ ಫೈಲಿನಲ್ಲಿ ದಿನಾಂಕ ಬದಲಾಯಿಸಿದರೆ ಕೆಲಸ ಮುಗೀ‌ತು, ಅದಕ್ಕೇ ಅವರು ಅಷ್ಟು ಕಷ್ಟಪಟ್ಟು ಎಕ್ಸ್‌ಪಿ ಉಳಿಸಿರೋದು. ಅವರ ವ್ಯಾಪಾರದ ಕಡತ ನಮಗೆ ಬೇಡ, ಮನೆಗಳ ಖಾಸಗಿ ಪತ್ರಿಕೆಗಳಂತೂ ಬೇಡವೇ ಬೇಡ. ಪುಸ್ತಿಕೆ, ಸಂಚಿಕೆ, ಹಾಡಿನ ಸಂಗ್ರಹ ಇಂಥವನ್ನ ಬರೆದವರ ಒಪ್ಪಿಗೆ ಪಡೆದು ತಗೊಳ್ಳಬಹುದು. ಡಿಸ್ಕಿನ ಪ್ರತಿಬಿಂಬ ತೆಗೆದುಕೊಡೋದು ಅವರಿಗೂ ಲಾಭ, ಯಂತ್ರ ಕೆಟ್ಟರೆ ಅವರ ಬಂಡವಾಳ ಉಳಿಯುತ್ತೆ. ನಾನು ಕೂತಿದ್ದ ಅಂಗಡಿಯಲ್ಲಿ ಆ ಅಣ್ಣ ಬೇರೆ ಏನೂ ಕೇಳಲಿಲ್ಲ. 'ಪ್ರೂಫ್ ನೋಡೋಕೆ ಕನ್ನಡ ಬಲ್ಲೋರು ಯಾರಾದ್ರೂ ಇದ್ದರೆ ಕಳಿಸಮ್ಮ' ಅಂದರು, ಅಷ್ಟೆ.

ಪ್ರಶ್ನೆ (ಸಹಪಾಠಿ): ನೀವು ಹೇಳಿದ ನಾಲ್ಕು ಹಂತದಲ್ಲಿ ಒಂದನ್ನೇ ಮಾಡೋಕೆ ಸಮಯ ಇದೆ ಅಂದರೆ ಯಾವುದು?

ಉತ್ತರ: ಪಿಡಿಎಫ್. ಯೂನಿಕೋಡ್ ಕೆಲಸವನ್ನ ಐದು ವರ್ಷ ಬಿಟ್ಟೂ ಮಾಡಬಹುದು, ಪರಿವರ್ತಕಗಳು ಇನ್ನೂ ಸುಧಾರಿಸ್ತವೆ. ಸರಿಯಾಗಿ ಕಾಣುವ ಒಂದು ಪ್ರತಿ ಕೈಯಲ್ಲಿದ್ದರೆ ಯಾರಾದರೂ ಕೂತು ಓದಿ ಮತ್ತೆ ಟೈಪಾದರೂ ಮಾಡಬಹುದು. ಅದೂ ಇಲ್ಲದಿದ್ದರೆ, ಅಲ್ಲಿದ್ದದ್ದು ಕನ್ನಡವೋ ತಮಿಳೋ ಅಂತ ಜಗಳ ಆಡೋಕೂ ನಮ್ಮ ಹತ್ತಿರ ಏನೂ ಇರೋದಿಲ್ಲ.